ಶ್ರಾವಣ ಪೂರ್ತಿ ಬಾಡಿಲ್ಲದೆ ಹೇಗಿರ್ತೀರಾ?

ನಮ್ಮದು ಮಂಡ್ಯ ಕಡೆಯ ಮನೆ. ಭಾನುವಾರ ಬಂದರೆ ಬಾಡಿನ ಸಾರು ಇರಲೇಬೇಕು. ಆದರೆ ಶ್ರಾವಣ ಹುಟ್ಟಿತೆಂದರೆ ತಿಂಗಳು ಮುಗಿಯುವವರೆಗೆ ಮೊಟ್ಟೆಯನ್ನೂ ತರುವುದಿಲ್ಲ. ಆಫೀಸಿನಲ್ಲಿ ಜೊತೆಗೆ ಊಟಕ್ಕೆ ಕೂರುವವರು ಪ್ರತಿ ವರ್ಷ ಕೇಳುತ್ತಾರೆ: "ಒಂದು ತಿಂಗಳು ಹೇಗಿರ್ತೀರಾ? ಊಟ ಮಾಡಿದ ಹಾಗೇ ಅನ್ನಿಸಲ್ಲ, ಅಲ್ವಾ?"

ಅನ್ನಿಸುತ್ತದೆ. ಚೆನ್ನಾಗಿಯೇ ಅನ್ನಿಸುತ್ತದೆ. ಆದರೆ ಬಾಡಿನ ಸಾರಿಗೆ ಪಡುವಷ್ಟು ಪಾಡನ್ನು ಕಾಳಿನ ಸಾರಿಗೂ ಪಡಬೇಕು. ಎಷ್ಟೋ ಮನೆಗಳಲ್ಲಿ ಬಾಡು ತಂದ ದಿನ ಮಸಾಲೆ ಹುರಿದು, ರುಬ್ಬಿ, ಗಂಟೆಗಟ್ಟಲೆ ಒಲೆ ಮುಂದೆ ನಿಲ್ಲುತ್ತಾರೆ. ಇಲ್ಲದ ದಿನ ಸುಮ್ನೆ ಬೇಳೆ ಕೂಗಿಸಿ, ಪುಡಿ ಹಾಕಿ ಇಳಿಸುತ್ತಾರೆ. ಸಪ್ಪೆ ಅನ್ನಿಸುವುದು ಅಲ್ಲಿಂದಲೇ.

ನಮ್ಮ ಮನೆಯಲ್ಲಿ ಶ್ರಾವಣವನ್ನು ದಾಟಿಸುವುದು ಮೊಳಕೆ ಹುರುಳಿಕಾಳು. ನಾಲ್ಕು ಜನಕ್ಕೆ 200 ಗ್ರಾಂ ಸಾಕು. ಬೆಳಿಗ್ಗೆ ನೆನೆಹಾಕಿ, ರಾತ್ರಿ ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಮಳೆಗಾಲದ ಚಳಿಗೆ ಮೊಳಕೆ ನಿಧಾನ, ಒಂದೂವರೆ ದಿನ ಬಿಟ್ಟುಬಿಡಿ. ಮಸಾಲೆ ಬಾಡಿನ ಸಾರಿನದೇ. ಎರಡು ಈರುಳ್ಳಿ, ಒಂದು ಗಡ್ಡೆ ಬೆಳ್ಳುಳ್ಳಿ, ಶುಂಠಿ, ಚಕ್ಕೆ, ಲವಂಗ, ಇಷ್ಟನ್ನು ಎಣ್ಣೆಯಲ್ಲಿ ಬಾಡಿಸಿ. ಧನಿಯಾ ಪುಡಿ, ಖಾರದ ಪುಡಿ, ಗಸಗಸೆ, ಹುರಿಗಡಲೆ, ತೆಂಗಿನಕಾಯಿ, ಕೊತ್ತಂಬರಿ ಸೊಪ್ಪು ಸೇರಿಸಿ ನುಣ್ಣಗೆ ರುಬ್ಬಿ. ಕುಕ್ಕರಿನಲ್ಲಿ ಈರುಳ್ಳಿ, ಟೊಮೆಟೊ ಜೊತೆ ಕಾಳನ್ನು ಹಸಿ ವಾಸನೆ ಹೋಗುವವರೆಗೆ ಬಾಡಿಸಬೇಕು. ಇದನ್ನು ಮಾತ್ರ ಬಿಡಬೇಡಿ. ಆಮೇಲೆ ರುಬ್ಬಿದ ಮಸಾಲೆ, ಉಪ್ಪು, ನೀರು, ಜೊತೆಗೆ ಬದನೆಕಾಯಿ, ಆಲೂಗಡ್ಡೆ. ನಾಲ್ಕೈದು ಕೂಗು. ಮುಚ್ಚಳ ತೆಗೆದ ಮೇಲೆ ಸಣ್ಣ ಉರಿಯಲ್ಲಿ ಇನ್ನೂ ಹತ್ತು ನಿಮಿಷ ಕುದಿಸಿ. ಆಗಲೇ ಎಣ್ಣೆ ಮೇಲೆ ತೇಲುವುದು, ಸಾರು ಗಟ್ಟಿಯಾಗುವುದು. ಹುರುಳಿ ಬೆಂದರೂ ಕರಗುವುದಿಲ್ಲ, ಹಲ್ಲಿಗೆ ಸಿಗುತ್ತದೆ. ಬಾಡು ತಿಂದು ಅಭ್ಯಾಸ ಇರುವವರು ಹುಡುಕುವುದು ಇದನ್ನೇ.

ಪಕ್ಕದಲ್ಲಿ ಬಿಸಿ ಮುದ್ದೆ ಇರಲಿ. ಬಾಡಿಲ್ಲದಿದ್ದರೆ ಶಕ್ತಿ ಎಲ್ಲಿಂದ ಎಂದು ಕೇಳುವವರೂ ಇದ್ದಾರೆ. 100 ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ರಾಗಿಯಲ್ಲಿ ಸುಮಾರು 7. ರಾಗಿಯಲ್ಲಿ ಕಡಿಮೆ ಇರುವ ಲೈಸಿನ್ ಎಂಬ ಪ್ರೋಟೀನಿನ ಅಂಶ ಕಾಳಿನಲ್ಲಿ ಜಾಸ್ತಿ ಇದೆ. ಮುದ್ದೆಗೆ ಕಾಳಿನ ಸಾರು ಹಾಕಿದ ನಮ್ಮ ಅಜ್ಜಿಯರಿಗೆ ಈ ಹೆಸರು ಗೊತ್ತಿರಲಿಲ್ಲ. ಹೊಲದಲ್ಲಿ ಸಂಜೆವರೆಗೆ ಹಸಿವಾಗದ್ದು ಗೊತ್ತಿತ್ತು.

ಮೊಳಕೆಗೆ ಪುರುಸೊತ್ತಿಲ್ಲದಿದ್ದರೆ ಬಸ್ಸಾರು ಮಾಡಿ. ರಾತ್ರಿ ನೆನೆಹಾಕಿದ ಕಾಳು ಬೇಯಿಸಿ, ಬಸಿದ ಕಟ್ಟಿನಲ್ಲಿ ಸಾರು, ಉಳಿದ ಕಾಳಿಗೆ ಒಗ್ಗರಣೆ ಕೊಟ್ಟು ಪಲ್ಯ. ನಾನು ಬೆಂಗಳೂರಿಗೆ ಬಂದ ಹೊಸತರಲ್ಲಿ ಕಟ್ಟನ್ನು ಸಿಂಕಿಗೆ ಸುರಿದುಬಿಟ್ಟಿದ್ದೆ. ಫೋನಿನಲ್ಲಿ ಹೇಳಿದಾಗ ಅಮ್ಮನಿಗೆ ನಿಜಕ್ಕೂ ಬೇಜಾರಾಯಿತು. "ರುಚಿಯೆಲ್ಲ ಅದರಲ್ಲೇ ಅಲ್ವೇನವ್ವ ಇರೋದು" ಅಂದರು. ಅಂದಿನಿಂದ ಒಂದು ಹನಿಯನ್ನೂ ಚೆಲ್ಲಿಲ್ಲ.

ಶ್ರಾವಣ ಶನಿವಾರ ಮಾತ್ರ ನಮ್ಮಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ಅವತ್ತು ಬೇಳೆ ಸಾರು, ಪಲ್ಯ, ಪಾಯಸ. ಅದರ ಹಿಂದಿನ ರಾತ್ರಿಯೇ ಕಾಳು ಬಟ್ಟೆಯೊಳಗೆ ಸೇರಿರುತ್ತದೆ, ಭಾನುವಾರದ ಸಾರಿಗೆ.