ಬೆಟ್ಟದ ಸೊಪ್ಪು ಯಾರ ಲೆಕ್ಕ

8 ಫೆಬ್ರವರಿ 2025, ಶನಿವಾರ ರಾತ್ರಿ

ಮಾವಯ್ಯ ಇವತ್ತು ಊಟಕ್ಕೆ ಎರಡನೇ ಸಲ ಮಜ್ಜಿಗೆ ಹಾಕಿಸಿಕೊಳ್ಳಲಿಲ್ಲ. ನಮ್ಮನೆಯಲ್ಲಿ ಅದಕ್ಕೆ ಸಿಟ್ಟು ಅಂತ ಅರ್ಥ.

ಬೆಳಿಗ್ಗೆ ಸೊಸೈಟಿ ಮಾಳಿಗೆಯಲ್ಲಿ ಮೀಟಿಂಗ್ ಇತ್ತು. ಯಾವುದೋ ಕಂಪನಿಯ ಹುಡುಗ ಟ್ಯಾಬ್ ಹಿಡಿದುಕೊಂಡು ಸಾಗರದಿಂದ ಬಂದಿದ್ದ. ಪಾಪ, ಒಳ್ಳೆಯ ಹುಡುಗ. ಚೆನ್ನಾಗಿಯೇ ವಿವರಿಸಿದ. ಗಿಡ ಗಾಳಿಯಲ್ಲಿರುವ ಇಂಗಾಲ ಎಳೆದುಕೊಳ್ಳುತ್ತದೆ, ಎಲೆ ಬೇರು ಕೊಳೆತಾಗ ಅದರಲ್ಲಿ ಸ್ವಲ್ಪ ಮಣ್ಣಲ್ಲೇ ಉಳಿಯುತ್ತದೆ, ಅಷ್ಟು ಗಾಳಿಯಲ್ಲಿ ಕಮ್ಮಿ ಆದ ಹಾಗೆ. ಅದನ್ನ ಅಳೆದು ಕಾರ್ಬನ್ ಕ್ರೆಡಿಟ್ ಅಂತ ಲೆಕ್ಕ ಬರೆದು ಹೊಗೆ ಬಿಡುವ ಕಂಪನಿಗಳಿಗೆ ಮಾರ್ತಾರೆ, ನಮಗೂ ಒಂದು ಪಾಲು ಕೊಡ್ತಾರೆ. ಎಲ್ಲರೂ ತಲೆ ಅಲ್ಲಾಡಿಸಿದರು. ಇವರಂತೂ ಫಾರಂ ಅರ್ಧ ತುಂಬಿಯೂ ಆಗಿತ್ತು.

ಅದರಲ್ಲಿ ಒಂದು ಪ್ರಶ್ನೆ ಬಂತು. ಹೊಸದಾಗಿ ಏನು ಶುರು ಮಾಡುತ್ತೀರಿ? ತೋಟಕ್ಕೆ ಮರದ ಹಸಿ ಸೊಪ್ಪು ಹಾಕುವುದಾ, ಗೊಬ್ಬರ ಹಾಕುವುದಾ, ಎಲೆಯಿಂದ ಮಣ್ಣಿಗೆ ಮುಚ್ಚಿಗೆ ಮಾಡುವುದಾ?

ಮಾವಯ್ಯ ಹಿಂದಿನ ಸಾಲಿನಿಂದ ಕೇಳಿದರು. "ತಮಾ, ಅದೆಲ್ಲ ನಾನು ಹುಟ್ಟೋಕ್ಕಿಂತ ಮೊದಲಿಂದ ಹಾಕ್ತಾ ಇದ್ದದ್ದು. ನಮ್ಮ ಅಪ್ಪಯ್ಯ ಹಾಕಿದ ಸೊಪ್ಪು ಎಂತಾಯ್ತು ಹಂಗಾರೆ?"

"ಅದು ಬರಲ್ಲ ಅಂಕಲ್. ನೀವು ಸೇರಿದ ದಿನದಿಂದ ಮೇಲೆ ಎಷ್ಟು ಹೆಚ್ಚಾಯ್ತು ಅನ್ನೋದು ಮಾತ್ರ ಲೆಕ್ಕ."

"ಮೊದಲೇ ತುಂಬಿದ್ದರೆ?"

ಹುಡುಗ ಏನೂ ಹೇಳಲಿಲ್ಲ. ಆಗ ನಗು ಬಂದದ್ದು ಕೆಳಗಿನ ಮನೆಯವರ ಕಡೆಯಿಂದ. ಅವರು ಗದ್ದೆಯನ್ನು ಮೂರು ವರ್ಷ ಶುಂಠಿಗೆ ಗೇಣಿ ಕೊಟ್ಟು, ಅಗೆದು ಅಗೆದು ಔಷಧಿ ಹೊಡೆದು ಮಣ್ಣನ್ನ ಬೂದಿ ಮಾಡಿಸಿಕೊಂಡವರು. ಅವರ ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಸಾವಯವ ಇಂಗಾಲ 0.6 ಪರ್ಸೆಂಟ್. ನಮ್ಮ ತೋಟದ್ದು 1.9. ಚೀಟಿಯ ಪ್ರಕಾರ 0.75ಕ್ಕಿಂತ ಮೇಲೆ ಇದ್ದರೆ "ಹೆಚ್ಚು". "ನಂಗೇ ಲಾಭ ಬಿಡಿ ಭಟ್ರೇ" ಅಂದರು. ತಮಾಷೆಗೇ ಅಂದದ್ದು. ಆದರೆ ನಿಜ ಅಲ್ವಾ? ಖಾಲಿ ಕೊಡಕ್ಕೆ ನೀರು ಜಾಸ್ತಿ ಹಿಡಿಯುತ್ತದೆ.

ಪಾತ್ರೆ ತೊಳೆದಾದ ಮೇಲೆ ನಾನು ಸುಮ್ನೆ ಮೊಬೈಲಲ್ಲಿ ಲೆಕ್ಕ ಹಾಕುತ್ತಾ ಕೂತೆ. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣು, ಲೀಟರಿಗೆ 1.2 ಕೆಜಿ ಅಂತ ಹಿಡಿದರೆ, ಸುಮಾರು 740 ಟನ್ ಆಗುತ್ತದೆ. ಅದರಲ್ಲಿ 1.9 ಪರ್ಸೆಂಟ್ ಅಂದರೆ ಸುಮಾರು 14 ಟನ್ ಇಂಗಾಲ. ಅದನ್ನ 3.67ರಿಂದ ಗುಣಿಸಿದರೆ ಇಂಗಾಲದ ಡೈಆಕ್ಸೈಡ್ ಲೆಕ್ಕ ಸಿಗುತ್ತದೆ, 51 ಟನ್ ಹತ್ತಿರ. ಒಂದೇ ಎಕರೆಯಲ್ಲಿ! ಮೂರು ತಲೆಮಾರು ತಲೆ ಮೇಲೆ ಹೊತ್ತು ತಂದದ್ದು. ಫಾರಂನಲ್ಲಿ ಅದಕ್ಕೆ ಸೊನ್ನೆ.

ಹಸುವಿನ ವಿಷಯವೂ ಬಂದಿತ್ತು. ಹಸು ಎಷ್ಟು, ಜರ್ಸಿಯಾ ಮಲೆನಾಡು ಗಿಡ್ಡವಾ ಅಂತೆಲ್ಲ ಕೇಳಿದ. ಮನೆಗೆ ಬಂದು ಅತ್ತೆಯವರಿಗೆ ಹೇಳಿದೆ, ಹಸು ಬಿಡುವ ಮೀಥೇನ್ ಭೂಮಿಯನ್ನ ಬಿಸಿ ಮಾಡುತ್ತಂತೆ ಅಂತ. ಅವರಿಗೆ ನಗು ತಡೆಯಲಾಗಲಿಲ್ಲ. "ಹಿಂದಿನಿಂದ ಬಿಡೋದಾ?" ಅಲ್ಲ, ತೇಗು! ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಬಾಯಿಂದಲೇ ಹೋಗುತ್ತದೆ. ಹೊಟ್ಟೆಯಲ್ಲಿ ಹುಲ್ಲು ಕೊಳೆಸುವ ಜೀವಾಣುಗಳು ಮಾಡುವ ಕೆಲಸ ಅದು. ಇಂಡಿಯಾದ ಹಾಲು ಕೊಡುವ ಹಸುವಿಗೆ ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ 2006ರ ಲೆಕ್ಕದಲ್ಲಿ ವರ್ಷಕ್ಕೆ 58 ಕೆಜಿ ಅಂತ ಇದೆ. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಜೋರು, ಹಾಗಾಗಿ ಒಂದು ಹಸುವಿಗೆ 1.6 ಟನ್. ಅತ್ತೆ ಕೊಟ್ಟಿಗೆಯ ಕಡೆ ತಿರುಗಿ "ಗೌರೀ, ತೇಗಬ್ಯಾಡ ಅಡ" ಅಂದರು. ಗೌರಿ ಮೆಲುಕು ನಿಲ್ಲಿಸಲಿಲ್ಲ. ಒಂದು ಎಕರೆ ತೋಟದಲ್ಲಿ ಕೂತಿರುವ ಆ 51 ಟನ್ ಅವಳ ಸುಮಾರು 32 ವರ್ಷದ ತೇಗಿಗೆ ಸಮ. ಅಷ್ಟು ವರ್ಷ ಅವಳು ಬದುಕಬೇಕಲ್ಲ.

ನಮ್ಮ ಒಲೆ ಉರಿಯುವುದೂ ಅವಳ ಸಗಣಿಯ ಗ್ಯಾಸಿನಿಂದ. ಸಗಣಿ ಗಾಳಿ ಆಡದೆ ಕೊಳೆತರೂ ಮೀಥೇನ್ ಬರುತ್ತದೆ, ಒಲೆಯಲ್ಲಿ ಉರಿಸಿದರೆ ಆ ಜೋರು ಹೋಗುತ್ತದೆ. ಈ ಚಳಿಗೆ ಗುಂಡಿ ತಣ್ಣಗಾಗಿ ನೀಲಿ ಬೆಂಕಿ ಬೆರಳಷ್ಟೂ ಏಳುತ್ತಿಲ್ಲ, ಅದು ಬೇರೆ ಕತೆ. ಇವತ್ತು ದೋಸೆ ಹುಯ್ಯುವಷ್ಟರಲ್ಲಿ ಸಾಕಾಗಿ ಹೋಯಿತು.

ಮಲಗುವ ಮೊದಲು ಮಾವಯ್ಯ ಜಗಲಿಯಲ್ಲಿ ಒಬ್ಬರೇ ಕವಳ ಹಾಕುತ್ತಾ ಕೂತಿದ್ದರು. "ಕೂಸೇ, ಹಂಗಾರೆ ಒಂದು ಕೆಲಸ ಮಾಡನಾ. ಐದು ವರ್ಷ ಸೊಪ್ಪು ನಿಲ್ಲಿಸಿ ತೋಟ ಹಾಳು ಮಾಡನಾ, ಆಮೇಲೆ ಸೇರನಾ." ನಕ್ಕರು. ನಾನೂ ನಕ್ಕೆ. ಸೊಪ್ಪು ನಿಲ್ಲಿಸಿದರೆ ಮಣ್ಣಿನ ಇಂಗಾಲ ಒಂದೊಂದೇ ವರ್ಷ ಗಾಳಿಗೆ ವಾಪಸ್ ಹೋಗುತ್ತದೆ. ಕೂಡಿಟ್ಟದ್ದನ್ನ ಕಾಯುತ್ತಲೇ ಇರಬೇಕು. ಆ ಕಾಯುವುದಕ್ಕೆ ಕೂಲಿ ಇಲ್ಲ ಅನ್ನುವುದು ಅವರ ಸಿಟ್ಟು, ನ್ಯಾಯವಾದದ್ದೇ.

ಆದರೆ ನನಗೆ ಇನ್ನೊಂದು ತಲೆಯಲ್ಲಿ ಕೊರೆಯುತ್ತಿದೆ. ನಮ್ಮ ತೋಟದ 1.9 ಎಲ್ಲಿಂದ ಬಂತು? ಬೆಟ್ಟದಿಂದ. ಮರದ ಗೆಲ್ಲು ಕಡಿದು ಸೊಪ್ಪು, ನೆಲ ಗುಡಿಸಿ ದರಕು ಅಂದರೆ ಒಣಗಿದ ಎಲೆ, ಅದು ಕೊಟ್ಟಿಗೆಯಲ್ಲಿ ಹಸುಗಳ ಕಾಲಡಿ ಹಾಸಾಗಿ, ಗೊಬ್ಬರವಾಗಿ ತೋಟಕ್ಕೆ ಇಳಿಯಿತು. ಮಾವಯ್ಯನ ಅಪ್ಪಯ್ಯ ಮಣ್ಣಿಗೆ ಸೇರಿಸಿದರಾ, ಅಥವಾ ಮೇಲಿನ ಮಣ್ಣಿಂದ ಕೆಳಗಿನ ಮಣ್ಣಿಗೆ ಸಾಗಿಸಿದರಾ? ನಮ್ಮ ಬೆಟ್ಟದ ಆ ತುದಿಯಲ್ಲಿ ಬರೀ ಜಂಬಿಟ್ಟಿಗೆ ಕಲ್ಲು ಕಾಣುತ್ತದೆ. ಮಳೆಗೆ ಕೆಂಪು ನೀರು. ಅಲ್ಲಿಯ ಮಣ್ಣಿನ ಚೀಟಿ ಯಾರೂ ಮಾಡಿಸಿಲ್ಲ. ಹಾಗಂತ ದರಕು ತರದೆ ಬಿಟ್ಟರೆ ಮಾರ್ಚ್ ಹೊತ್ತಿಗೆ ಯಾರೋ ಬೀಡಿ ಎಸೆದು ಅರ್ಧ ಬೆಟ್ಟ ಸುಟ್ಟು ಹೋಗುತ್ತದೆ, ಆಗ ಬೆಟ್ಟಕ್ಕೂ ಇಲ್ಲ ತೋಟಕ್ಕೂ ಇಲ್ಲ.

ಇದನ್ನ ಮಾವಯ್ಯಂಗೆ ಹೇಳಬೇಕಾ? ನಾಳೆ ದರಕು ಗುಡಿಸಲು ಇಬ್ಬರು ಬರ್ತಾರಂತೆ, ಮೂರನೆಯವಳು ನಾನು. ಮಾವಯ್ಯನೂ ಕೋಲು ಊರಿಕೊಂಡು ಬಂದೇ ಬರ್ತಾರೆ. ಆ ಜಂಬಿಟ್ಟಿಗೆ ತುದಿಯ ಹತ್ತಿರ ಅವರು ಯಾವಾಗಲೂ ಒಂದು ಗಳಿಗೆ ಕೂರುತ್ತಾರೆ, ಅಲ್ಲಿ ಕೂತಾಗ ಮೆಲ್ಲಗೆ ಹೇಳಿ ನೋಡಬೇಕು.