ಹಡಗಿನ ಲೆಕ್ಕದ ನಾಡು: ಮಾರಿಷಸ್‌ನಲ್ಲಿ ಎಂಟು ದಿನ

ಮಾರಿಷಸ್ ವಿಮಾನ ನಿಲ್ದಾಣದಲ್ಲಿ ಹಣ ಬದಲಾಯಿಸಿಕೊಂಡು ನೋಟು ಎಣಿಸುತ್ತಿದ್ದಾಗ ನನ್ನ ಹೆಂಡತಿ ಒಂದನ್ನು ಎತ್ತಿ ಹಿಡಿದು, 'ಇದ್ರಲ್ಲಿ ತಮಿಳು ಇದೆಯಲ್ರೀ' ಎಂದಳು. ಹೌದು, ಇಂಗ್ಲಿಷಿನ ಜೊತೆಗೆ ತಮಿಳಿತ್ತು, ಹಿಂದಿಯೂ ಇತ್ತು. ಅದಕ್ಕಿಂತ ಹೆಚ್ಚು ಗಮನ ಸೆಳೆದದ್ದು ಮುಖಗಳು. 25 ರೂಪಾಯಿಯ ಮೇಲೆ ಚೀನೀ ಮೂಲದ ಆ-ಚುಯೆನ್, 50ರ ಮೇಲೆ ಫ್ರೆಂಚ್ ಮೂಲದ ಪಟುರೋ, 100ರ ಮೇಲೆ ತಮಿಳು ಮೂಲದ ರಂಗನಾಥನ್ ಸೀನಿವಾಸೆನ್, 200ರ ಮೇಲೆ ಅಬ್ದುಲ್ ರಜಾಕ್ ಮೊಹಮ್ಮದ್, 500ರ ಮೇಲೆ ಸುಖದೇವ್ ಬಿಸ್ಸುಂದೊಯಾಲ್, 1000ದ ಮೇಲೆ ಆಫ್ರಿಕನ್ ಹಾಗೂ ಮಿಶ್ರ ಮೂಲದವರ ಕ್ರಿಯೋಲ್ ಸಮುದಾಯದ ಗೇತಾಂ ದ್ಯುವಾಲ್, 2000ದ ಮೇಲೆ ಮೊದಲ ಪ್ರಧಾನಿ ಶಿವಸಾಗರ ರಾಮಗುಲಾಮ್. ಜೇಬಿನಲ್ಲಿ ಒಂದೊಂದು ಬಗೆಯ ನೋಟು ಇಟ್ಟುಕೊಂಡರೆ ದೇಶದ ಸಮುದಾಯಗಳೆಲ್ಲ ಜೇಬಿನಲ್ಲಿದ್ದಂತೆ. 1998ರಲ್ಲಿ ಹೊಸ ನೋಟು ಅಚ್ಚು ಹಾಕುವಾಗ ಹಿಂದಿಯನ್ನು ತಮಿಳಿಗಿಂತ ಮೇಲಕ್ಕೆ ತಂದರಂತೆ. ಈ ದ್ವೀಪಕ್ಕೆ ಮೊದಲು ಬಂದವರು ನಾವು ಎಂದು ತಮಿಳರು ಎದ್ದು ನಿಂತರು, ಕೊನೆಗೆ ಆ ನೋಟುಗಳನ್ನೇ ಹಿಂದಕ್ಕೆ ಪಡೆಯಬೇಕಾಯಿತು. ಲಿಪಿಯ ಸಾಲು ಹಿಂದೆ ಮುಂದಾದದ್ದಕ್ಕೆ ಇಷ್ಟೊಂದು ಸಿಟ್ಟೇ ಎಂದು ಅಂದು ನನಗೆ ಅನ್ನಿಸಿತ್ತು. ಎಂಟು ದಿನ ಅಲ್ಲಿ ತಿರುಗಿದ ಮೇಲೆ ಹಾಗೆ ಅನ್ನಿಸಲಿಲ್ಲ.

ಈ ದ್ವೀಪಕ್ಕೆ ಮೂಲನಿವಾಸಿಗಳೇ ಇಲ್ಲ. ಉದ್ದಕ್ಕೆ ಸುಮಾರು 65, ಅಗಲಕ್ಕೆ 45 ಕಿಲೋಮೀಟರ್ ಇರುವ, ಜ್ವಾಲಾಮುಖಿಯಿಂದ ಹುಟ್ಟಿದ ಈ ನೆಲದಲ್ಲಿ ಮನುಷ್ಯ ನೆಲೆಯೂರಿದ್ದು ತೀರ ಈಚೆಗೆ. 1598ರಲ್ಲಿ ಡಚ್ಚರು ಬಂದು ತಮ್ಮ ರಾಜಕುಮಾರ ಮೌರಿಟ್ಸ್‌ನ ಹೆಸರಿಟ್ಟರು, 1638ರಲ್ಲಿ ನೆಲೆಯೂರಿದರು, ಜಾವಾದಿಂದ ಕಬ್ಬನ್ನು ತಂದು ನೆಟ್ಟರು, ಎಬೋನಿ ಮರಗಳನ್ನು ಕಡಿದು ಸಾಗಿಸಿದರು, 1710ರಲ್ಲಿ ಎಲ್ಲ ಬಿಟ್ಟು ಹೊರಟುಹೋದರು. ಹಾರಲಾರದ ಡೋಡೋ ಹಕ್ಕಿ ಅಷ್ಟರೊಳಗೆ ನಾಮಾವಶೇಷವಾಗಿತ್ತು. 1715ರಿಂದ ಫ್ರೆಂಚರು, 1810ರಿಂದ ಬ್ರಿಟಿಷರು. ಹೀಗಾಗಿ ಇಲ್ಲಿ ಯಾರೂ 'ಇದು ನಮ್ಮ ಅಜ್ಜ ಮುತ್ತಜ್ಜರ ನೆಲ' ಎಂದು ಆದಿಯಿಂದ ಹೇಳುವಂತಿಲ್ಲ, ಯಾವ ಹಡಗಿನಲ್ಲಿ ಬಂದೆವು ಎಂಬುದಷ್ಟೇ ಲೆಕ್ಕ.

ರಾಜಧಾನಿ ಪೋರ್ಟ್ ಲೂಯಿಯ ಬಂದರಿನ ಪಕ್ಕದಲ್ಲಿ, ವಲಸೆ ಬಂದ ಕೂಲಿಗಳು ಇಳಿಯುತ್ತಿದ್ದ ಆಪ್ರವಾಸಿ ಘಾಟ್ ಆ ಲೆಕ್ಕವನ್ನು ಬರೆದಿಟ್ಟ ಜಾಗ. ಅಲ್ಲಿ ನೋಡಲು ದೊಡ್ಡದೇನೂ ಇಲ್ಲ: ಕರಿಕಲ್ಲಿನ ಗೋಡೆಗಳ ಅವಶೇಷ, ಸಮುದ್ರದ ಕಡೆಯಿಂದ ಮೇಲೇರುವ ಸವೆದ ಮೆಟ್ಟಿಲುಗಳು, ಅಷ್ಟೆ. 1835ರಲ್ಲಿ ಗುಲಾಮಗಿರಿ ರದ್ದಾಯಿತು. ಪರಿಹಾರವಾಗಿ ಇಪ್ಪತ್ತು ಲಕ್ಷ ಪೌಂಡ್‌ಗೂ ಹೆಚ್ಚು ಹಣ ಸಂದಾಯವಾಯಿತು, ಆದರೆ ಅದು ಸಂದದ್ದು ಗುಲಾಮರಿಗಲ್ಲ, ಅವರ ಒಡೆಯರಿಗೆ. ಕಬ್ಬಿನ ಗದ್ದೆಗೆ ಬೇರೆ ಕೈಗಳು ಬೇಕಾಗಿದ್ದವು. ಅದಕ್ಕೆ ಹಿಂದಿನ ವರ್ಷವೇ, 1834ರ ನವೆಂಬರ್ 2ರಂದು, ಅಟ್ಲಾಸ್ ಎಂಬ ಹಡಗು ಕಲ್ಕತ್ತೆಯಿಂದ 36 ಮಂದಿ ಕರಾರು ಕೂಲಿಗಳನ್ನು ತಂದು ಇಳಿಸಿತ್ತು. ಮುಂದಿನ ದಶಕಗಳಲ್ಲಿ ಕಲ್ಕತ್ತ, ಮದರಾಸು, ಮುಂಬಯಿಗಳಿಂದ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಜನ ಹೀಗೆ ಬಂದಿಳಿದರು. ಆ ಮೆಟ್ಟಿಲುಗಳ ಎದುರು ನಾವು ಹತ್ತು ನಿಮಿಷ ಸುಮ್ಮನೆ ನಿಂತೆವು. ಒಂದು ಮೆಟ್ಟಿಲಿನ ಅಂಚು ನಮ್ಮೂರ ಹಳೆಯ ದೇವಸ್ಥಾನದ ಹೊಸ್ತಿಲಿನಂತೆಯೇ ನಡುವಿನಲ್ಲಿ ತಗ್ಗಾಗಿತ್ತು.

ನಮ್ಮ ಟ್ಯಾಕ್ಸಿಯ ಚಾಲಕ ಭೋಜಪುರಿ ಬೆರೆತ ಹಿಂದಿಯಲ್ಲಿ ನಮ್ಮೊಡನೆ ಮಾತಾಡುತ್ತಿದ್ದ, ಫೋನಿನಲ್ಲಿ ತನ್ನ ಮಕ್ಕಳೊಂದಿಗೆ ಫ್ರೆಂಚಿನಿಂದ ಹುಟ್ಟಿದ ಅಲ್ಲಿಯ ಆಡುಮಾತು ಕ್ರಿಯೋಲ್ ಮಾತ್ರ. ಮೋಕಾದ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿರುವ ದಾಖಲೆಗಳಲ್ಲಿ ತನ್ನ ಮುತ್ತಜ್ಜನ ತಂದೆಯ ಕೂಲಿ ಸಂಖ್ಯೆಯನ್ನು ಹುಡುಕಿಸಿ, ಅದರ ನಕಲನ್ನು ಪ್ಲಾಸ್ಟಿಕ್ ಹಾಳೆಯೊಳಗೆ ಇಟ್ಟುಕೊಂಡಿದ್ದ. ಬಿಹಾರದ ಆರಾ ಜಿಲ್ಲೆಯವರು ಎಂದ, ಆದರೆ ಊರಿನ ಹೆಸರನ್ನು ಆಗಿನ ಗುಮಾಸ್ತ ಬರೆದುಕೊಂಡ ರೀತಿಯಲ್ಲಿ ಅದು ಯಾವ ಊರೆಂದು ಯಾರಿಗೂ ಗೊತ್ತಾಗುವಂತಿರಲಿಲ್ಲ.

ದ್ವೀಪದ ಒಳಗಡೆ ಹೋದಂತೆ ಎಲ್ಲೆಲ್ಲೂ ಕಬ್ಬು, ಕಬ್ಬಿನ ನಡುನಡುವೆ ಮನೆಯೆತ್ತರದ ಕಲ್ಲುಗುಪ್ಪೆಗಳು. ಮೊದಲು ನಾನು ಅವನ್ನು ಯಾವುದೋ ಪ್ರಾಚೀನ ಸಮಾಧಿಗಳೆಂದು ತಿಳಿದಿದ್ದೆ. ಚಾಲಕ ಗಾಡಿ ನಿಲ್ಲಿಸಿ ತೋರಿಸಿದ: ಉಳುಮೆಗೆ ಅಡ್ಡವಾದ ಕಪ್ಪು ಬಸಾಲ್ಟ್ ಗುಂಡುಗಳನ್ನು ಒಂದೊಂದಾಗಿ ಎತ್ತಿ ತಂದು ಅಂಚು ಕಟ್ಟಿ, ಕೈಯಿಂದಲೇ ಒಪ್ಪವಾಗಿ ಜೋಡಿಸಿದ್ದು. ಸಣ್ಣವು ಒಳಗೆ, ದೊಡ್ಡವು ಹೊರಗೆ, ಗಾರೆಯ ಹಂಗಿಲ್ಲ. ಮಾರಿಷಸ್‌ನಲ್ಲಿ ಕಲ್ಲು ಮಗುಚಿದರೆ ಕೆಳಗೆ ಚಿನ್ನ ಸಿಗುತ್ತದೆ ಎಂದು ನಂಬಿಸಿ ಜನರನ್ನು ಹಡಗು ಹತ್ತಿಸಿದರು ಎಂಬ ಮಾತು ಅಲ್ಲಿ ಇಂದಿಗೂ ಬಳಕೆಯಲ್ಲಿದೆ. ಮಗುಚಿದ ಕಲ್ಲುಗಳಂತೂ ಕಣ್ಣೆದುರಿಗೇ ಇದ್ದವು.

ಕಡಲ ತೀರಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬರೆಯುವುದಿಲ್ಲ. ಹವಳದ ದಿಬ್ಬ ದ್ವೀಪವನ್ನು ಹೆಚ್ಚುಕಡಿಮೆ ಪೂರ್ತಿ ಸುತ್ತುವರಿದಿರುವುದರಿಂದ ದಡದ ನೀರು ಕೆರೆಯಂತೆ ಶಾಂತವಾಗಿರುತ್ತದೆ, ದಕ್ಷಿಣದ ಗ್ರಿ ಗ್ರಿಯಲ್ಲಿ ಮಾತ್ರ ಆ ತಡೆಯಿಲ್ಲದೆ ಅಲೆಗಳು ನೇರವಾಗಿ ಬಂಡೆಗೆ ಅಪ್ಪಳಿಸುತ್ತವೆ ಎಂದಷ್ಟೇ ಹೇಳಿದರೆ ಸಾಕು. ನೈರುತ್ಯದ ಲ ಮೋರ್ನ್ ಬೆಟ್ಟದ ಕೆಳಗೆ ಮಾತ್ರ ಹೆಚ್ಚು ಹೊತ್ತು ಕುಳಿತೆವು. ತಪ್ಪಿಸಿಕೊಂಡ ಗುಲಾಮರು ಅಡಗಿದ್ದ ಬೆಟ್ಟ ಅದು. ಬಿಡುಗಡೆಯಾಯಿತೆಂಬ ಸುದ್ದಿ ಹೇಳಲು ಬಂದವರನ್ನು ಹಿಡಿಯಲು ಬಂದವರೆಂದು ತಿಳಿದು ಅವರು ಮೇಲಿನಿಂದ ಹಾರಿಕೊಂಡರು ಎಂದು ಕ್ರಿಯೋಲರು ತಲೆತಲಾಂತರದಿಂದ ಹೇಳಿಕೊಂಡು ಬಂದಿದ್ದಾರೆ. ಭಾರತದಿಂದ ಬರುವ ಪ್ರವಾಸಿಗರು ಘಾಟ್ ನೋಡಿ, 33 ಮೀಟರ್ ಎತ್ತರದ ಶಿವನಿರುವ ಗಂಗಾ ತಲಾವ್‌ಗೆ ಕೈಮುಗಿದು, ಈ ಬೆಟ್ಟವನ್ನು ಫೋಟೋದ ಹಿನ್ನೆಲೆಯಾಗಿ ಮಾತ್ರ ಬಳಸಿಕೊಳ್ಳುವುದನ್ನು ಕಂಡು ನನಗೆ ಮುಜುಗರವಾಯಿತು. ಕೂಲಿಯವರಿಗೆ ಹೆಸರೂ ಸಂಖ್ಯೆಯೂ ದಾಖಲೆಯಲ್ಲಿ ಉಳಿದವು. ಮಡಗಾಸ್ಕರ್‌ನಿಂದ, ಮೊಜಾಂಬಿಕ್‌ನಿಂದ ಹಿಡಿದು ತಂದವರ ಮಕ್ಕಳಿಗೆ ಚಾಲಕನ ಬಳಿಯಿದ್ದಂಥ ಒಂದು ಹಾಳೆ ಸಿಗುವುದೂ ಕಷ್ಟ.

ಪೋರ್ಟ್ ಲೂಯಿಯ ಮಾರುಕಟ್ಟೆಯಲ್ಲಿ ಮನಸ್ಸು ಹಗುರಾಯಿತು. ಸೊಪ್ಪಿನ ಅಂಗಡಿಯಲ್ಲಿ ನುಗ್ಗೆಸೊಪ್ಪಿಗೆ 'ಬ್ರೆದ್ ಮುರುಮ್' ಎಂದೂ ಕರಿಬೇವಿಗೆ 'ಕಾರಿಪುಲೆ' ಎಂದೂ ಕೂಗುತ್ತಿದ್ದರು. ತಮಿಳಿನ ಮುರುಂಗೈ, ಕರುವೇಪ್ಪಿಲೈಗಳು ಫ್ರೆಂಚ್ ಉಚ್ಚಾರ ಕಲಿತು ನಿಂತಿದ್ದವು. ಆಲೂದಾ ಎಂಬ ತಣ್ಣನೆಯ ಹಾಲಿನ ಪಾನೀಯದಲ್ಲಿ ಕಾಮಕಸ್ತೂರಿ ಬೀಜ ತೇಲುತ್ತಿತ್ತು. ಧೋಲ್ ಪೂರಿಯನ್ನು ಕಂಡರೆ ಕನ್ನಡಿಗರು ಹೋಳಿಗೆ ಎಂದೇ ಭ್ರಮಿಸುತ್ತಾರೆ: ಬೇಳೆ ಬೇಯಿಸಿ, ಪುಡಿ ಮಾಡಿ, ಕಣಕದೊಳಗೆ ತುಂಬಿ, ತೆಳ್ಳಗೆ ಲಟ್ಟಿಸಿ ಬೇಯಿಸಿದ್ದು, ಆದರೆ ಬೆಲ್ಲವಿಲ್ಲ. ಒಂದು ಕೇಳಿದರೂ ಎರಡನ್ನು ಒಂದರ ಮೇಲೊಂದಿಟ್ಟು 'ಎನ್ ಪೇರ್' ಎಂದು, ಡಬಲ್ ಬೀನ್ಸ್ ಪಲ್ಯ, ಟೊಮೆಟೊ ಗೊಜ್ಜು, ಮೆಣಸಿನಕಾಯಿ ಚಟ್ನಿ ಸವರಿ, ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಸಾಲಿನಲ್ಲಿ ನಮ್ಮ ಮುಂದೆ ಬುರ್ಖಾ ತೊಟ್ಟವರೊಬ್ಬರು, ಹಿಂದೆ ಚೀನೀ ಮುಖದ ಇಬ್ಬರು ಶಾಲಾ ಹುಡುಗರು. ಎಲ್ಲರ ಬಾಯಲ್ಲೂ ಒಂದೇ ಕ್ರಿಯೋಲ್.

ಈ ಒಂದೇ ಭಾಷೆಯ ಮಂದಿ ಚುನಾವಣೆಗೆ ನಿಂತಾಗ ಮಾತ್ರ ಸಂವಿಧಾನ ಅವರನ್ನು ಹಿಂದೂ, ಮುಸಲ್ಮಾನ, ಚೀನೀ, ಉಳಿದವರೆಲ್ಲ 'ಸಾಮಾನ್ಯ ಜನ' ಎಂದು ನಾಲ್ಕು ಗೂಡುಗಳಲ್ಲಿ ಇಡುತ್ತದೆ. 62 ಸದಸ್ಯರು ಚುನಾಯಿತರಾದ ಮೇಲೆ, ಕಡಿಮೆ ಪ್ರಾತಿನಿಧ್ಯ ಸಿಕ್ಕ ಸಮುದಾಯಗಳ ಸೋತ ಅಭ್ಯರ್ಥಿಗಳಲ್ಲಿ ಉತ್ತಮರನ್ನು ಆಯ್ದು ಎಂಟು ಸ್ಥಾನಗಳವರೆಗೆ ತುಂಬುವ ಏರ್ಪಾಡು ಅಲ್ಲಿದೆ. ಜನಗಣತಿಯಲ್ಲಿ ಸಮುದಾಯ ಕೇಳುವುದನ್ನು 1972ರ ನಂತರ ನಿಲ್ಲಿಸಿದ್ದರಿಂದ ಇಂದಿಗೂ ಆ 1972ರ ಅಂಕಿಗಳೇ ಆಧಾರ. ಅರ್ಧ ಶತಮಾನ ಹಳೆಯ ಲೆಕ್ಕದಲ್ಲಿ ಇಂದಿನ ನ್ಯಾಯ ಹಂಚುವುದು ವಿಚಿತ್ರವೇ. ಆದರೂ 1968ರಲ್ಲಿ ಸ್ವತಂತ್ರವಾದಾಗ ಇಂಥ ಭರವಸೆಯಿಲ್ಲದಿದ್ದರೆ ಸಣ್ಣ ಸಮುದಾಯಗಳು ನೆಮ್ಮದಿಯಿಂದ ಇರುತ್ತಿದ್ದವೆಂದು ನನಗನ್ನಿಸುವುದಿಲ್ಲ. ರಜೆಯ ಪಟ್ಟಿಯಲ್ಲೂ ಇದೇ ಹಂಚಿಕೆ: ಕಾವಡಿ ತಮಿಳರಿಗೆ, ಯುಗಾದಿ ತೆಲುಗರಿಗೆ, ಗಣೇಶ ಚೌತಿ ಮರಾಠಿಗರಿಗೆ.

ಯುಗಾದಿಯೂ ಚೌತಿಯೂ ಇರುವ ಪಟ್ಟಿಯಲ್ಲಿ ಕನ್ನಡವಿಲ್ಲ. ನಮ್ಮ ನೆಲದ ನಂಟು ಸಿಕ್ಕಿದ್ದು ಕೊನೆಯ ದಿನ, ಶಾಂ ದ ಮಾರ್ಸ್ ಎಂಬ 1812ರ ಕುದುರೆ ಜೂಜಿನ ಮೈದಾನದಲ್ಲಿ. ಅಲ್ಲಿ ಫ್ರೆಂಚ್ ಗವರ್ನರ್ ಮಲಾರ್ಟಿಕ್‌ನ ಸಮಾಧಿಯಿದೆ. 1798ರ ಜನವರಿಯಲ್ಲಿ ಟಿಪ್ಪು ಸುಲ್ತಾನನ ದೂತರು ಗುಟ್ಟಾಗಿ ಸೈನ್ಯದ ನೆರವು ಕೇಳಲು ಇದೇ ಊರಿಗೆ ಬಂದಿದ್ದರು. ಕೊಡಲು ಸೈನ್ಯವಿಲ್ಲದ ಮಲಾರ್ಟಿಕ್, ಟಿಪ್ಪುವಿಗಾಗಿ ಸ್ವಯಂಸೇವಕರು ಬೇಕೆಂದು ಊರೆಲ್ಲ ತಿಳಿಯುವಂತೆ ಬಹಿರಂಗ ಘೋಷಣೆ ಹೊರಡಿಸಿಬಿಟ್ಟ. ಗುಟ್ಟು ರಟ್ಟಾಯಿತು. ಮಂಗಳೂರಿಗೆ ಬಂದಿಳಿದದ್ದು ಸುಮಾರು ನೂರು ಮಂದಿ. ಘೋಷಣೆಯ ಪ್ರತಿಯೋ ಕಲ್ಕತ್ತೆಯಲ್ಲಿದ್ದ ಬ್ರಿಟಿಷ್ ಗವರ್ನರ್ ಜನರಲ್ ವೆಲ್ಲೆಸ್ಲಿಯ ಕೈಸೇರಿ ಯುದ್ಧಕ್ಕೆ ನೆಪವಾಯಿತು, 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು.

ಸಮಾಧಿಯ ಸುತ್ತ ಒಂದು ಸುತ್ತು ಬಂದೆವು. ಪಕ್ಕದಲ್ಲೇ ಒಬ್ಬಾತ ಕುದುರೆಯೊಂದನ್ನು ಹಗ್ಗ ಹಿಡಿದು ನಿಧಾನವಾಗಿ ನಡೆಸುತ್ತಿದ್ದ. ಚಾಲಕನಿಗೆ ಈ ಕಥೆ ಹೇಳಿದಾಗ ಅವನು ತಲೆಯಾಡಿಸಿ, 'ಹಾಗಾದರೆ ನಿಮ್ಮೂರಿನವರು ನಮಗಿಂತ ಮೂವತ್ತಾರು ವರ್ಷ ಮೊದಲೇ ಬಂದಿದ್ದರು' ಎಂದು ಲೆಕ್ಕ ಹಾಕಿ ನಕ್ಕ.