ಮಾಲೀಕರಿಲ್ಲದ ತಂಡ

ಋತುವಿನ ಅರ್ಧದಲ್ಲಿ ನಮ್ಮ ಲೀಗ್‌ನ 32 ಮಾಲೀಕರಲ್ಲಿ ಒಬ್ಬರಿಂದ ಸುದ್ದಿಯೇ ಇಲ್ಲವಾಯಿತು. ನಾವು ಆಡುವುದು ಫ್ರಂಟ್ ಆಫೀಸ್ ಫುಟ್‌ಬಾಲ್ ಎಂಬ ಅಮೆರಿಕನ್ ಫುಟ್‌ಬಾಲ್‌ನ ಕಂಪ್ಯೂಟರ್ ಸಿಮ್ಯುಲೇಶನ್. ಜಿಮ್ ಗಿಂಡಿನ್ ರೂಪಿಸಿದ ಈ ಆಟದ ಮೊದಲ ಆವೃತ್ತಿ ಬಂದದ್ದು 1998ರಲ್ಲಿ. ಇಲ್ಲಿ ಚೆಂಡನ್ನು ಯಾರೂ ಎಸೆಯುವುದಿಲ್ಲ. ಆಟಗಾರರನ್ನು ಆರಿಸುವುದು, ಸಂಬಳದ ಮಿತಿಯೊಳಗೆ ಒಪ್ಪಂದ ಕುದುರಿಸುವುದು, ತಂತ್ರ ಹೆಣೆಯುವುದು ಮಾಲೀಕರ ಕೆಲಸ. ಗಡುವಿನೊಳಗೆ ಅವರು ಕಳಿಸಿದ ಫೈಲ್‌ಗಳನ್ನು ಸೇರಿಸಿ ವಾರದ ಪಂದ್ಯಗಳನ್ನು ನಡೆಸುವುದು ಕಮಿಷನರ್ ಆದ ನನ್ನ ಕೆಲಸ. ಫೈಲ್ ಬಾರದಿದ್ದರೂ ತಂಡ ಕಣಕ್ಕಿಳಿಯುತ್ತದೆ; ಅದರ ಪರವಾಗಿ ಯೋಚಿಸುವವರು ಇರುವುದಿಲ್ಲ, ಅಷ್ಟೆ.

"ಬಿಡಿ, ನಷ್ಟ ಅವರಿಗೇ ತಾನೆ?" ಎಂದರು ಕೆಲವರು. ಈ ಮಾತನ್ನು ನಾನು ಎಂದೂ ಒಪ್ಪಲಾರೆ. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್ ಮಾದರಿಯ 17 ಪಂದ್ಯಗಳ ಋತುವಿನಲ್ಲಿ ಒಂದೇ ವಿಭಾಗದ ನಾಲ್ಕು ತಂಡಗಳು ಪರಸ್ಪರ ಎರಡೆರಡು ಸಲ ಸೆಣಸುತ್ತವೆ. ಒಂದು ತಂಡ ಅನಾಥವಾದರೆ ಅದರ ಮೂರೂ ನೆರೆಯವರಿಗೆ ಎರಡೆರಡು ಗೆಲುವು ಹೆಚ್ಚುಕಡಿಮೆ ಪುಕ್ಕಟೆ. ಪ್ಲೇಆಫ್‌ಗೆ ಹೋಗುವುದು ಲೀಗ್‌ನ ಅರ್ಧಭಾಗವಾದ ಒಂದು ಕಾನ್ಫರೆನ್ಸ್‌ನಿಂದ ಏಳೇ ತಂಡ. ಬೇರೆ ವಿಭಾಗದಲ್ಲಿ ನಿದ್ದೆಗೆಟ್ಟು ತಂಡ ಕಟ್ಟಿದವರು ಒಂದೇ ಗೆಲುವಿನ ಅಂತರದಲ್ಲಿ ಹೊರಗುಳಿದರೆ ಅವರಿಗೆ ಏನು ಸಮಾಧಾನ ಹೇಳಲಿ?

ಅದಕ್ಕಿಂತ ದೊಡ್ಡ ತೊಡಕು ಆ ವಾರವೇ ಎದುರಾಯಿತು. ಕಾಣೆಯಾಗುವ ಮುನ್ನ ಆ ಮಾಲೀಕರು ತಮ್ಮ ಕ್ವಾರ್ಟರ್‌ಬ್ಯಾಕ್‌ನನ್ನು, ಅಂದರೆ ದಾಳಿಯನ್ನು ಮುನ್ನಡೆಸಿ ಚೆಂಡು ಎಸೆಯುವ ಮುಖ್ಯ ಆಟಗಾರನನ್ನು, ನೆರೆಯ ತಂಡಕ್ಕೆ ಕೊಟ್ಟಿದ್ದರು. ಪ್ರತಿಯಾಗಿ ಪಡೆದದ್ದು ಡ್ರಾಫ್ಟ್‌ನ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆಯ, ಕೊನೆಯ ಎರಡು ಸುತ್ತುಗಳಾದ ಆರು ಮತ್ತು ಏಳನೆಯ ಸುತ್ತಿನ ಆಯ್ಕೆಗಳನ್ನು ಮಾತ್ರ. ಕೊಂಡವರು ಮೋಸ ಮಾಡಿರಲಿಲ್ಲ, ಕೇಳಿದ್ದರು, ಸಿಕ್ಕಿತ್ತು. ನಾನು ಆ ವಾರದ ಪಂದ್ಯಗಳನ್ನು ತಡೆಹಿಡಿದು ಹೋದವರಿಗೆ ಪತ್ರ ಬರೆದೆ. ಮನೆಯಲ್ಲಿ ಕಾಯಿಲೆ, ಆಟದ ಕಡೆ ಗಮನವಿಲ್ಲದೆ ಒಪ್ಪಿಗೆ ಒತ್ತಿದೆ, ತಂಡವನ್ನು ಬೇರೆಯವರಿಗೆ ಕೊಡಿ ಎಂದು ಉತ್ತರ ಬಂತು. ಅವರ ಮೇಲೆ ಕೋಪಗೊಂಡಿದ್ದವರೂ ಅದನ್ನು ಓದಿ ಸುಮ್ಮನಾದರು.

ವಿನಿಮಯವನ್ನು ರದ್ದು ಮಾಡಿದೆ. ಆಡಿ ಮುಗಿದ ಪಂದ್ಯಗಳ ಫಲಿತಾಂಶವನ್ನು ಮುಟ್ಟಲಿಲ್ಲ. ಅವುಗಳಲ್ಲಿ ಎದುರಾಳಿಗಳ ಶ್ರಮವೂ ಇತ್ತು. ತಂಡದ ಮೊದಲ ಸುತ್ತಿನ ಆಯ್ಕೆಯನ್ನು ದಂಡವಾಗಿ ಕಿತ್ತುಕೊಳ್ಳಬೇಕೆಂಬ ಸಲಹೆಯೂ ಬಂತು. ಆಗ ನಾನು 2003ರ ಎನ್‌ಎಫ್‌ಎಲ್ ಡ್ರಾಫ್ಟ್ ನೆನಪಿಸಿದೆ. ಏಳನೆಯ ಸರದಿಯಲ್ಲಿದ್ದ ಮಿನೆಸೋಟ ವೈಕಿಂಗ್ಸ್ ಸಮಯದೊಳಗೆ ಹೆಸರು ಕೊಡಲಿಲ್ಲ. ಎರಡು ತಂಡಗಳು ಅವರನ್ನು ದಾಟಿ ಮುಂದೆ ಹೋದವು, ಆದರೆ ಹಕ್ಕು ಉಳಿಯಿತು. ಒಂಬತ್ತನೆಯವರಾಗಿ ಕೆವಿನ್ ವಿಲಿಯಮ್ಸ್‌ನನ್ನು ಆರಿಸಿಕೊಂಡರು. ತಡಮಾಡಿದವರಿಗೆ ಅಷ್ಟು ನಷ್ಟ ಸಾಕು. ಮೇಲಾಗಿ, ನಮ್ಮಲ್ಲಿ ಆ ದಂಡ ತೆರಬೇಕಾಗಿದ್ದವರು ತಪ್ಪೇ ಮಾಡದ ಹೊಸ ಮಾಲೀಕರು.

ಈಗ ಸತತ ಎರಡು ವಾರ ಫೈಲ್ ಬಾರದಿದ್ದರೆ ಆ ತಂಡದ ವಿನಿಮಯಗಳು ನಿಲ್ಲುತ್ತವೆ, ಕಾಯುವವರ ಪಟ್ಟಿಯಿಂದ ಒಬ್ಬರನ್ನು ಕರೆಯುತ್ತೇವೆ. ವಿನಿಮಯ ರದ್ದಾಗಿ ಕ್ವಾರ್ಟರ್‌ಬ್ಯಾಕ್ ಕೈತಪ್ಪಿದ ನೆರೆಯ ತಂಡದ ಮಾಲೀಕರು ಈ ನಿಯಮದ ವಿರುದ್ಧವೇ ಮತ ಹಾಕಿದರು.